ಕೆಜಿಎಫ್ ಪ್ರವಾಸ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಕೋಲಾರ ಚಿನ್ನದ ಗಣಿ ಪ್ರದೇಶವು (ಕೆಜಿಎಫ್) ಒಂದು ದಿನದ ಪ್ರವಾಸಕ್ಕೆ ಸೂಕ್ತ ತಾಣ. ಇದೇ ಹೆಸರಿನ ಚಲನಚಿತ್ರ 2018ರಲ್ಲಿ ತೆರೆಕಂಡ ಬಳಿಕ ಈ ಊರಿನ ಬಗೆಗಿನ ಕುತೂಹಲ ಇಮ್ಮಡಿಸಿದೆ. ಆದರೆ ಗಣಿಯೊಳಗೆ ಇಳಿದು ನೋಡಬಹುದೆಂದು ಹೊರಟವರಿಗೆ ನಿರಾಸೆ ಕಾದಿರುತ್ತದೆ.

ಹಿನ್ನೆಲೆ: 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿನ ಗಣಿಗಾರಿಕೆಯ ಹೊಣೆ ಹೊತ್ತಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದಿತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಅಧಿಕ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೀರೆತ್ತುವ ಕಾರ್ಯ ನಿಂತು ಸುರಂಗಗಳು ಜಲಾವೃತವಾದವು.

ತಲುಪುವುದು ಹೇಗೆ?: ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂಗೆ 1894ರಲ್ಲಿ ಆರಂಭವಾದ ರೈಲು ಮಾರ್ಗವಿದೆ. ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಗಣಿ ಮುಚ್ಚಿದ ಮೇಲೆ ಸಾವಿರಾರು ಮಂದಿ ನಿತ್ಯ ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹೀಗಾಗಿ ಸಂಜೆ ಬೆಂಗಳೂರಿನಿಂದ ಹೊರಡುವ ರೈಲುಗಳಲ್ಲಿ ಜನದಟ್ಟಣೆ ಹೆಚ್ಚು. ಮುಂಜಾನೆಯೇ ಹೊರಡುವುದು ಒಳಿತು.

ಏನು ನೋಡಬಹುದು?: ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ, ಬ್ರಿಟಿಷರ ಕಾಲದ ಬಂಗಲೆಗಳು ಹಾಗೂ ಚರ್ಚುಗಳು, ರಸ್ತೆಯಿಂದಲೇ ಕಾಣುವ ಗಣಿಬಾಯಿಯ ಉಕ್ಕಿನ ಗೋಪುರಗಳು. ಸಮೀಪದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿ ಎತ್ತರದ ಶಿವಲಿಂಗವಿದೆ. ಗಣಿ ಪಟ್ಟಣಕ್ಕೆ ಕುಡಿಯುವ ನೀರೊದಗಿಸಿದ ಬೇತಮಂಗಲ ಕೆರೆಯನ್ನೂ ನೋಡಬಹುದು. ಮರಳುವಾಗ ಬಂಗಾರಪೇಟೆಯ ಪ್ರಸಿದ್ಧ ಪಾನಿಪುರಿ ಸವಿಯಲು ಮರೆಯದಿರಿ. ಅದರ ಪಾನಿ ಹಸಿರಲ್ಲ, ತಿಳಿನೀರಿನಂತಿರುತ್ತದೆ.

ಎಚ್ಚರಿಕೆ: ಛಾಯಾಚಿತ್ರಗಳಲ್ಲಿ ಮರಳುಗುಡ್ಡದಂತೆ ಕಾಣುವ 'ಸಯನೈಡ್ ದಿಬ್ಬ'ಗಳು ನೈಸರ್ಗಿಕ ಬೆಟ್ಟಗಳಲ್ಲ. ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಬಳಿಕ ಉಳಿದ ತ್ಯಾಜ್ಯದ ರಾಶಿಗಳವು. ಗಾಳಿಗೆ ಏಳುವ ನುಣುಪಾದ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮಕ್ಕಳೊಡನೆ ದಿಬ್ಬ ಹತ್ತುವುದು ಬೇಡ. ಗಣಿ ಆವರಣಕ್ಕೆ ಅನುಮತಿಯಿಲ್ಲದೆ ಕಾಲಿಡಬಾರದು. ಹಳೆಯ ಗಣಿಬಾಯಿಗಳು ಅಪಾಯಕಾರಿ.

ಯಾವಾಗ?: ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಆಷಾಢದ ಗಾಳಿಯಲ್ಲಿ ಧೂಳಿನ ಕಾಟ ಹೆಚ್ಚು.

ಪ್ರವಾಸಿಗರು ಕೆಲವೇ ಗಂಟೆ ಕಾಣುವ ಈ ಧೂಳಿನ ನಡುವೆಯೇ ಗಣಿ ಕಾರ್ಮಿಕರ ಕುಟುಂಬಗಳು ಇಂದಿಗೂ 'ಲೈನ್' ಮನೆಗಳಲ್ಲಿ ಬಾಳುತ್ತಿವೆ. ಅವರ ಮನೆಗಳ ಮುಂದೆ ಕ್ಯಾಮೆರಾ ಹಿಡಿಯುವ ಮುನ್ನ ಒಂದು ಮಾತು ಕೇಳುವುದು ಸೌಜನ್ಯ.