ವ್ಯೂರ್ಟ್ಸ್‌ಬುರ್ಗ್ ಅರಮನೆ: ಒಂದು ಕಲ್ಲಿನ ಕಮಾನಿನ ಚರಿತ್ರೆ

ಜರ್ಮನಿಯ ಮೈನ್ ನದಿಯ ದಂಡೆಯಲ್ಲಿರುವ ವ್ಯೂರ್ಟ್ಸ್‌ಬುರ್ಗ್ ಊರಿನ ಅರಮನೆಯ ಚರಿತ್ರೆಯನ್ನು ಆಳಿದವರ ವಂಶಾವಳಿಯಿಂದ ಬರೆಯುವುದು ವಾಡಿಕೆ. ಹಾಗೆ ಬರೆದಾಗ ಮುಖ್ಯ ಸಂಗತಿಯೇ ಕೈತಪ್ಪುತ್ತದೆ. ಈ ಕಟ್ಟಡವನ್ನು ಅದರ ಮೆಟ್ಟಿಲಸಾಲಿನ ಮೇಲಿರುವ ಕಮಾನು ಚಾವಣಿಯಿಂದ ಓದಬೇಕು ಎಂಬುದು ಈ ಲೇಖನದ ವಾದ.

ವ್ಯೂರ್ಟ್ಸ್‌ಬುರ್ಗಿನ ಬಿಷಪ್ಪರು ಧರ್ಮಗುರುಗಳೂ ಹೌದು, ದೊರೆಗಳೂ ಹೌದು. ಶತಮಾನಗಳ ಕಾಲ ಅವರು ನದಿಯಾಚೆಯ ಬೆಟ್ಟದ ಮೇಲಿನ ಮರಿಯನ್‌ಬರ್ಗ್ ಕೋಟೆಯಲ್ಲಿದ್ದರು. 1719ರಲ್ಲಿ ಪಟ್ಟಕ್ಕೆ ಬಂದ ಯೋಹಾನ್ ಫಿಲಿಪ್ ಫ್ರಾನ್ಸ್ ಫಾನ್ ಷೋನ್‌ಬೋರ್ನ್ ಬೆಟ್ಟದಿಂದಿಳಿದು ಊರೊಳಗೇ ಇರಲು ನಿರ್ಧರಿಸಿದ. ವಾಸಕ್ಕೂ ರಾಜ್ಯಭಾರಕ್ಕೂ ಒದಗುವ ಅರಮನೆಗೆ ಮರುವರ್ಷವೇ ಅಡಿಗಲ್ಲು ಬಿತ್ತು. ಕೆಲಸ ವಹಿಸಿಕೊಂಡ ಬಾಲ್ಥಾಸಾರ್ ನಾಯ್ಮನ್ ತೋಪು ಮತ್ತು ಗಂಟೆ ಎರಕ ಹೊಯ್ಯುವ ಕಸುಬು ಕಲಿತು, ಫಿರಂಗಿ ದಳ ಸೇರಿ, ಅಲ್ಲಿಂದ ವಾಸ್ತುಶಿಲ್ಪಕ್ಕೆ ಬಂದವನು. ಪ್ಯಾರಿಸ್ಸಿನ ಹಾಗೂ ವಿಯೆನ್ನಾದ ಹೆಸರಾಂತ ವಾಸ್ತುಶಿಲ್ಪಿಗಳೂ ನಕ್ಷೆಯಲ್ಲಿ ಕೈಯಾಡಿಸಿದರು. ಆದರೂ 1744ರಲ್ಲಿ ಕಟ್ಟಡದ ಮೈ ಪೂರ್ತಿಯಾಗುವವರೆಗೆ ನಿಂತು ಕಟ್ಟಿಸಿದವನು ನಾಯ್ಮನ್ನೇ.

ಮೊದಲ ನಕ್ಷೆಯಲ್ಲಿ ಎರಡು ಮೆಟ್ಟಿಲಸಾಲುಗಳಿದ್ದವು. ಕೊನೆಗೆ ಉಳಿದದ್ದು ಒಂದೇ, ಆದರೆ ಅದೆಂಥದ್ದು! ತಗ್ಗಾದ ಮೆಟ್ಟಿಲುಗಳು ನೇರವಾಗಿ ಏರಿ, ನಡುವೆ ತಂಗಿ, ಎರಡಾಗಿ ಕವಲೊಡೆದು ಹಿಂತಿರುಗುತ್ತವೆ. ಮೇಲೆ ಸುಮಾರು 30 ಮೀಟರ್ ಉದ್ದ, 18 ಮೀಟರ್ ಅಗಲದ ಕಲ್ಲಿನ ಕಮಾನು. ನಡುವೆ ಒಂದು ಕಂಬವೂ ಇಲ್ಲ. ಇದು ನಿಲ್ಲಲಾರದೆಂದು ಸಮಕಾಲೀನರು ಶಂಕಿಸಿದರೆಂಬ ಐತಿಹ್ಯ ಇಂದಿಗೂ ಚಾಲ್ತಿಯಲ್ಲಿದೆ.

ಈ ಕಮಾನಿನ ಒಳಮೈಯಲ್ಲೇ ವೆನಿಸ್ಸಿನ ಚಿತ್ರಕಾರ ಟಿಯೆಪೊಲೊ 1752-53ರಲ್ಲಿ ಹಸಿಗಾರೆಯ ಮೇಲೆ ನಾಲ್ಕು ಖಂಡಗಳನ್ನು ಬರೆದ. ಮೆಟ್ಟಿಲೇರುವವರಿಗೆ ಮೊದಲು ಕಾಣುವುದು ಅಮೆರಿಕ. ತಿರುಗಿದ ಮೇಲೆ ಯೂರೋಪು. ಅಲ್ಲಿ ಆಗಿನ ಬಿಷಪ್ಪನ ಭಾವಚಿತ್ರ ಮೇಲೆ ತೇಲುತ್ತಿದೆ. ಕೆಳಗಿನ ಅಂಚಿನಲ್ಲಿ ಸೇನಾ ಸಮವಸ್ತ್ರ ತೊಟ್ಟು, ತೋಪಿಗೆ ಒರಗಿ ಕೂತವನು ನಾಯ್ಮನ್, ಪಕ್ಕದಲ್ಲೊಂದು ನಾಯಿ. ದೊರೆಯ ಸ್ತುತಿಗೆಂದು ಮಾಡಿಸಿದ ಚಿತ್ರದಲ್ಲಿ ಕಟ್ಟಿದವನಿಗೂ ಜಾಗ ಸಿಕ್ಕಿದ್ದನ್ನು ನಾನು ಚಿತ್ರಕಾರನ ನ್ಯಾಯಬುದ್ಧಿಯೆಂದೇ ಓದುತ್ತೇನೆ. ಪಕ್ಕದ ಚಕ್ರವರ್ತಿ ಸಭಾಂಗಣದ ಚಿತ್ರಗಳು ಪೂರಾ ರಾಜಕೀಯ: 1168ರಲ್ಲಿ ಚಕ್ರವರ್ತಿ ಬಾರ್ಬರೋಸಾ ಅಂದಿನ ಬಿಷಪ್ಪನಿಗೆ ಫ್ರಾಂಕೋನಿಯ ಪ್ರಾಂತ್ಯದ ಒಡೆತನ ಕೊಟ್ಟ ಪ್ರಸಂಗ ಅಲ್ಲಿದೆ.

ಈ ಚಿತ್ರಗಳು ಮುಗಿದ ಮೇಲೆ ಆ ಒಡೆತನ ಬಹುಕಾಲ ಉಳಿಯಲಿಲ್ಲ. 1802-03ರಲ್ಲಿ ಬಿಷಪ್ಪರ ಆಳ್ವಿಕೆ ಮುಗಿಯಿತು. 1814ರಲ್ಲಿ ಊರು ಬವೇರಿಯದ ಪಾಲಾಯಿತು.

1945ರ ಮಾರ್ಚ್ 16ರ ರಾತ್ರಿ ಬ್ರಿಟಿಷ್ ಬಾಂಬುಗಳು ನಗರವನ್ನು ಸುಟ್ಟವು. ಅರಮನೆಯ ಮರದ ಮಾಡು ಹೊತ್ತಿ ಉರಿದು ಕುಸಿಯಿತು. ಮರದ ಚಾವಣಿಯ ಕೋಣೆಗಳು ಬೂದಿಯಾದವು. ಕಲ್ಲಿನ ಕಮಾನುಗಳಿದ್ದ ನಡುಭಾಗ ಮಾತ್ರ ಜಗ್ಗಲಿಲ್ಲ. ಆದರೆ ಮಾಡು ಇಲ್ಲದ ಕಮಾನಿನ ಮೇಲೆ ಮಳೆ ಸುರಿಯತೊಡಗಿತ್ತು. ಅಮೆರಿಕನ್ ಸೇನೆಯ ಸ್ಮಾರಕ ರಕ್ಷಣಾ ಅಧಿಕಾರಿ ಜಾನ್ ಡೇವಿಸ್ ಸ್ಕಿಲ್ಟನ್ ಮರಮುಟ್ಟು ಹೊಂದಿಸಿ ತಾತ್ಕಾಲಿಕ ಮಾಡು ಹಾಕಿಸದಿದ್ದರೆ ಟಿಯೆಪೊಲೊನ ಚಿತ್ರ ಇಂದು ಪುಸ್ತಕಗಳಲ್ಲಷ್ಟೇ ಇರುತ್ತಿತ್ತು. ಗೋಡೆಗೇ ಕನ್ನಡಿಗಳನ್ನು ಅಂಟಿಸಿದ್ದ ಅರಮನೆಯ ಕನ್ನಡಿ ಕೋಣೆ ನಾಶವಾಗಿತ್ತು. ಒಂದು ಜಲವರ್ಣ ಚಿತ್ರ, ಹಳೆಯ ಛಾಯಾಚಿತ್ರಗಳು, ಉಳಿದ ಒಂದು ಗಾಜಿನ ಚೂರು, ಇವನ್ನೇ ನೆಚ್ಚಿ ಕುಶಲಕರ್ಮಿಗಳು 1987ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿದರು. ಅದಕ್ಕೂ ಮೊದಲೇ, 1981ರಲ್ಲಿ, ಅರಮನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು.

ಕಟ್ಟಿದವನಿಗೆ ಆಮೇಲೂ ಜಾಗ ಸಿಕ್ಕಿತು: 1990ರ ದಶಕದಲ್ಲಿ ಜರ್ಮನಿ ಹೊಸ 50 ಮಾರ್ಕಿನ ನೋಟು ಹೊರತಂದಾಗ ಅದರ ಮೇಲೆ ಅಚ್ಚಾದದ್ದು ನಾಯ್ಮನ್‌ನ ಮುಖ.