ಆನ್‌ಲೈನ್ ಸಂಶೋಧನಾ ಕಾರ್ಯಾಗಾರ: ಪೂರ್ವಸಿದ್ಧತೆ ಹೇಗಿರಬೇಕು?

ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನವೊಂದಿದೆ. 'ಬೆಂಗಳೂರು' ಎಂಬ ಹೆಸರಿನ ಪ್ರಾಚೀನತೆಗೆ ಆಧಾರವೆಂದು ಪ್ರಸಿದ್ಧವಾದ ಶಾಸನವಿದು. ಆದರೆ ಇದನ್ನು ಯಾರೂ ಕೇವಲ ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಶಾಸನಪಾಠ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಪ್ರಕಟವಾಗಿದೆ, ಕಲ್ಲು ಊರಿನಲ್ಲೇ ಇದೆ. ಸಂದೇಹವಿದ್ದವರು ಓದನ್ನು ಮೂಲದೊಡನೆ ತಾಳೆ ನೋಡಬಹುದು. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಮಿಥಿಕ್ ಸೊಸೈಟಿಯ ಯೋಜನೆ 2021ರಲ್ಲಿ ಆರಂಭವಾದ ಮೇಲೆ ಇಂಥ ಪರಿಶೀಲನೆ ಇನ್ನಷ್ಟು ಸುಲಭವಾಗಿದೆ.

ಗಣಕಯಂತ್ರದಲ್ಲಿ ನಡೆಯುವ ಸಂಶೋಧನೆಗೂ ಇದೇ ನಿಯಮ ಅನ್ವಯಿಸುತ್ತದೆ. ಅದೇ ದತ್ತಾಂಶ, ಅದೇ ಕೋಡ್ ಬಳಸಿದ ಬೇರೊಬ್ಬರಿಗೆ ಅದೇ ಫಲಿತಾಂಶ ದೊರೆಯಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭೂಭೌತವಿಜ್ಞಾನಿ ಜಾನ್ ಕ್ಲೇರ್‌ಬೌಟ್ 1990ರ ದಶಕದ ಆರಂಭದಲ್ಲೇ ಇದನ್ನು ಪ್ರತಿಪಾದಿಸಿದ್ದರು.

ನಿರ್ಲಕ್ಷ್ಯದ ಬೆಲೆ

ಸಾರ್ವಜನಿಕ ಸಾಲವು ಒಟ್ಟು ಉತ್ಪನ್ನದ ಶೇ. 90ನ್ನು ಮೀರಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1 ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದರು. ಹಲವು ದೇಶಗಳಲ್ಲಿ ಸರ್ಕಾರಿ ವೆಚ್ಚ ಕಡಿತದ ಸಮರ್ಥನೆಗೆ ಈ ಲೇಖನ ಬಳಕೆಯಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ಲೇಖಕರಿಂದಲೇ ಪಡೆದ ಎಕ್ಸೆಲ್ ಕಡತವನ್ನು ಪರಿಶೀಲಿಸಿದಾಗ ಸೂತ್ರದಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದು ಕಂಡಿತು. ಇತರ ಲೋಪಗಳನ್ನೂ ಸರಿಪಡಿಸಿದ ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರಿಗೆ ದೊರೆತ ಸರಾಸರಿ ಶೇ. 2.2. ಕಡತ ಕೈಗೆ ಸಿಕ್ಕದಿದ್ದರೆ ಆ ದೋಷ ಪತ್ತೆಯಾಗುವುದು ಕಷ್ಟವಿತ್ತು.

ತಂತ್ರಾಂಶಗಳು

ಇಂಥ ಕಾರ್ಯವಿಧಾನವನ್ನು ಕಲಿಸುವ ಪ್ರಾಯೋಗಿಕ ಕಾರ್ಯಾಗಾರಗಳಲ್ಲಿ ಬೋಧಕರ ಜೊತೆಜೊತೆಗೇ ಕೋಡ್ ಬರೆಯಬೇಕಾಗುತ್ತದೆ. ಆದುದರಿಂದ ಆರ್ ಮತ್ತು ಆರ್‌ಸ್ಟುಡಿಯೋ, ಅಥವಾ ಪೈಥಾನ್ ಮತ್ತು ಜುಪಿಟರ್, ಜೊತೆಗೆ ಗಿಟ್ ತಂತ್ರಾಂಶವನ್ನು ಒಂದು ವಾರ ಮೊದಲೇ ಅಳವಡಿಸಿಕೊಳ್ಳುವುದು ಲೇಸು. ಇವೆಲ್ಲ ಉಚಿತವಾಗಿಯೇ ದೊರೆಯುತ್ತವೆ. ಅಳವಡಿಸಿದರಷ್ಟೇ ಸಾಲದು, ಚಿಕ್ಕದೊಂದು ಕೋಡ್ ಓಡಿಸಿ ನೋಡಬೇಕು. ಗಿಟ್‌ನಲ್ಲಿ ಹೆಸರು ಮತ್ತು ಇಮೇಲ್ ವಿಳಾಸ ದಾಖಲಿಸಬೇಕು. ಕಚೇರಿಯ ಲ್ಯಾಪ್‌ಟಾಪ್ ಬಳಸುವವರು ತಂತ್ರಾಂಶ ಅಳವಡಿಕೆಗೆ ಅನುಮತಿಯಿದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಕಡತಗಳ ಶಿಸ್ತು

ಮೂಲ ದತ್ತಾಂಶ, ಕೋಡ್, ಫಲಿತಾಂಶ ಇವುಗಳಿಗೆ ಪ್ರತ್ಯೇಕ ಫೋಲ್ಡರ್‌ಗಳಿರಲಿ. ಮೂಲ ದತ್ತಾಂಶವನ್ನು ಕೈಯಿಂದ ತಿದ್ದಕೂಡದು. ಪ್ರತಿಯೊಂದು ಬದಲಾವಣೆಯೂ ಕೋಡ್‌ನ ಮೂಲಕವೇ ಆಗಬೇಕು. ಕಡತದ ಹೆಸರಿನಲ್ಲಿ ಖಾಲಿ ಜಾಗ ಬೇಡ. ಕಡತದ ವಿಳಾಸವನ್ನು 'ಸಿ ಡ್ರೈವ್'ನಿಂದ ಆರಂಭಿಸದೆ, ಯೋಜನೆಯ ಫೋಲ್ಡರ್‌ನಿಂದಲೇ ಸೂಚಿಸಬೇಕು. ಇಲ್ಲವಾದಲ್ಲಿ ಬೇರೆಯವರ ಗಣಕದಲ್ಲಿ ಕೋಡ್ ಓಡದು. ಬಳಸಿದ ಪ್ಯಾಕೇಜುಗಳ ಆವೃತ್ತಿ ಸಂಖ್ಯೆಗಳನ್ನೂ ದಾಖಲಿಸಬೇಕು.

ಕನ್ನಡ ದತ್ತಾಂಶ

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳಲ್ಲಿರುವ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಸಿಎಸ್‌ವಿ ಕಡತಗಳನ್ನು ಯುಟಿಎಫ್-8ರಲ್ಲಿ ಉಳಿಸದಿದ್ದರೆ ಕನ್ನಡದ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಶಾಸನಗಳಂಥ ಹಳೆಯ ದಾಖಲೆಗಳ ಪಟ್ಟಿ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಎಕ್ಸೆಲ್ 1900ಕ್ಕೂ ಹಿಂದಿನ ದಿನಾಂಕಗಳನ್ನು ದಿನಾಂಕಗಳೆಂದು ಗುರುತಿಸುವುದಿಲ್ಲ. ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ನಮೂದಿಸುವುದು ಕ್ಷೇಮ. ಅಂತೆಯೇ, ಕೆಲವು ವಂಶವಾಹಿಗಳ ಹೆಸರನ್ನು ಎಕ್ಸೆಲ್ ದಿನಾಂಕವೆಂದು ಭಾವಿಸಿ ಬದಲಿಸುತ್ತಿದ್ದುದರಿಂದ, 2020ರ ವೇಳೆಗೆ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು.

ಕಾರ್ಯಾಗಾರದ ದಿನ

ವಿದ್ಯುತ್ ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಬೋಧಕರ ಪರದೆಗೊಂದು, ಸ್ವಂತ ಕೆಲಸಕ್ಕೊಂದು ಎಂದು ಎರಡು ಪರದೆಗಳಿದ್ದರೆ ಅನುಕೂಲ. ಹಳೆಯ ಟ್ಯಾಬ್ ಆದರೂ ಸಾಕು. ದೋಷ ಕಾಣಿಸಿಕೊಂಡಾಗ 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಹೇಳದೆ, ಪರದೆಯ ಮೇಲಿನ ಸಂದೇಶವನ್ನು ಪೂರ್ತಿಯಾಗಿ ಬೋಧಕರಿಗೆ ಕಳುಹಿಸಬೇಕು.

ಕಲಿತದ್ದು ಫಲಿಸಿತೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಇಡೀ ಫೋಲ್ಡರನ್ನು ಸ್ನೇಹಿತರ ಗಣಕಕ್ಕೆ ನಕಲಿಸಿ, ಯಾವ ವಿವರಣೆಯನ್ನೂ ನೀಡದೆ, ಮೊದಲಿನಿಂದ ಓಡಿಸಲು ಹೇಳಬೇಕು. ಅದೇ ಅಂಕಿಗಳು ಬಂದರೆ ಸಂಶೋಧನೆ ಇತರರ ಪರಿಶೀಲನೆಗೆ ಸಿದ್ಧವಾಗಿದೆ ಎಂದರ್ಥ. ಬೇಗೂರಿನ ಶಾಸನವನ್ನು ಕೆತ್ತಿದವರು ಇಂದಿಲ್ಲ. ಅವರ ವಿವರಣೆಯಿಲ್ಲದೆಯೂ ಕಲ್ಲನ್ನು ಓದಲಾಗುತ್ತಿದೆ.