ವಿಂಬಲ್ಡನ್ನಿನ ಇನ್ನೊಂದು ಆಟ

ವಿಂಬಲ್ಡನ್ ಅಂದಕೂಡ್ಲೆ ನಮಗೆಲ್ಲಾ ನೆನಪಾಗೂದು ಟೆನಿಸ್. ಬಿಳಿ ಅರಿವಿ, ಹಸರು ಹುಲ್ಲು, ಸ್ಟ್ರಾಬೆರಿ, ಕೆನಿ. ಅದ ಊರಾಗ ಇನ್ನೊಂದು ಆಟನೂ ಅದ. ಅದರ ಸುದ್ದಿ ನಮ್ಮ ಕಡೆ ಟೀವಿಯೊಳಗ ಬರೂದು ಕಮ್ಮಿ. ಅದು ಫುಟ್‌ಬಾಲು. ಕ್ಲಬ್ಬಿನ ಹೆಸರು ಎ.ಎಫ್.ಸಿ. ವಿಂಬಲ್ಡನ್. ಕೆಳಗಿನ ಲೀಗಿನ ಸಣ್ಣ ಕ್ಲಬ್ಬು. 2025ರಾಗ ಮಗಳ ಬಾಣಂತನಕ್ಕಂತ ನಾನು ಅಲ್ಲೆ ಆರು ತಿಂಗಳಿದ್ದೆ. ಪಕ್ಕದ ಮನಿ ಅಜ್ಜಿ ಕೂಸಿನ್ನ ನೋಡ್ಲಿಕ್ಕೆ ಬಂದಾಗೆಲ್ಲಾ ಕೊರಳಾಗ ಒಂದು ನೀಲಿ-ಹಳದಿ ಮಫ್ಲರ್ ಇರತಿತ್ತು. ಆ ಮಫ್ಲರ್ ಯಾವುದಂತ ಕೇಳಿದ್ದಕ್ಕ ಅವರು ಹೇಳಿದ ಕಥಿ ಇದು. ಆಮ್ಯಾಲ ಮಗಳ ಕಡೆಯಿಂದ ಓದಿಸಿ, ಇಸವಿ-ಲೆಕ್ಕಾ ಎಲ್ಲಾ ಕೂಡಿಸಿ ಬರದೇನಿ.

ಮೊದಲು ಅಲ್ಲಿಯ ವ್ಯವಸ್ಥಾ ತಿಳಕೋಬೇಕು. ಇಂಗ್ಲಂಡಿನಾಗ ಫುಟ್‌ಬಾಲ್ ಕ್ಲಬ್ಬುಗಳೆಲ್ಲಾ ಒಂದು ಏಣಿ ಮ್ಯಾಲ ನಿಂತಾವ. ತುದಿಯೊಳಗ ಪ್ರೀಮಿಯರ್ ಲೀಗ್, 20 ತಂಡ. ಅದರ ಕೆಳಗ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಾಗ 24 ತಂಡ. ಹೆಸರು ಲೀಗ್ ಒನ್ ಅಂತ ಇದ್ರೂ ಅದು ಮೂರನೇ ಮೆಟ್ಟಲ ಅನ್ನೂದು ನೆನಪಿಡ್ರಿ. ಅದರ ಕೆಳಗೂ ಇನ್ನೂ ಎಷ್ಟೋ ಮೆಟ್ಟಲ, ಸಣ್ಣ ಊರಿನ ತಂಡ, ಓಣಿ ತಂಡ. ಆಗಸ್ಟಿನಾಗ ಆಟ ಶುರು ಆದ್ರ ಮುಗಿಯೂದು ಮೇ ತಿಂಗಳಿಗೆ. ಒಬ್ಬೊಬ್ಬರ ಜೋಡಿ ಎರಡೆರಡು ಸಲ ಆಡಬೇಕು, ಒಮ್ಮೆ ತಮ್ಮ ಅಂಗಳದಾಗ, ಒಮ್ಮೆ ಅವರ ಅಂಗಳದಾಗ. ಲೀಗ್ ಟೂದವರಿಗೆ ಹಿಂಗ 46 ಆಟ. ಕಡೀಗೆ ಮ್ಯಾಲಿನ ಕೆಲವರು ಸಾಲಿ ಹುಡುಗರಂಗ ಪಾಸಾಗಿ ಮ್ಯಾಲಿನ ಮೆಟ್ಟಲಕ್ಕ ಹೋಗತಾರ, ಕೆಳಗಿನವರು ಒಂದು ಮೆಟ್ಟಲ ಇಳೀತಾರ.

ಶನಿವಾರ ಮಧ್ಯಾಹ್ನ ಮೂರು ಗಂಟೆ ಇವರಿಗೆ ಆಟದ ಹೊತ್ತು. ಆ ಹೊತ್ತಿನಾಗ ಆ ದೇಶದ ಟೀವಿಯೊಳಗ ಯಾವ ಫುಟ್‌ಬಾಲ್ ಆಟಾನೂ ನೇರ ತೋರಸೂದಿಲ್ಲ. 1960ರ ದಶಕದಿಂದ ನಡಕೊಂಡು ಬಂದ ಕಟ್ಟಳಿ ಅದು. ದೊಡ್ಡ ತಂಡದ ಆಟ ಮನಿಯೊಳಗ ಕೂತು ನೋಡೂಹಂಗಾದ್ರ ಸಣ್ಣ ತಂಡದ ಅಂಗಳಕ್ಕ ಯಾರು ಹೋಗತಾರ, ಟಿಕೀಟು ಯಾರು ತಗೋತಾರ ಅನ್ನೂ ಚಿಂತಿಯಿಂದ ಮಾಡಿದ್ದು.

ಇನ್ನ ಕಥಿಗೆ ಬರೋಣು. ವಿಂಬಲ್ಡನ್ ಕ್ಲಬ್ ಹುಟ್ಟಿದ್ದು 1889ರಾಗ. ಒಂದು ಸಾಲಿಯ ಹಳೇ ಹುಡುಗರು ಕೂಡಿ ಕಟ್ಟಿದ್ದು. 1912ರಿಂದ ಅವರ ಅಂಗಳ ಪ್ಲೋ ಲೇನ್ ಅನ್ನೂ ರಸ್ತಾದಾಗ ಇತ್ತು. ಭಾಳ ವರ್ಷ ಕೆಳಗಿನ ಮೆಟ್ಟಲದಾಗ ಆಡಕೋತ ಇದ್ದವರು 1977ರಾಗ ನಾಕನೇ ಮೆಟ್ಟಲಕ್ಕ ಬಂದ್ರು, ಒಂಬತ್ತೇ ವರ್ಷದಾಗ, 1986ಕ್ಕ, ತುದಿ ಮುಟ್ಟಿದ್ರು. 1988ರಾಗ ಎಫ್.ಎ. ಕಪ್ಪಿನ ಫೈನಲ್‌ನಾಗ ಲಿವರ್‌ಪೂಲ್‌ನಂಥಾ ಲಿವರ್‌ಪೂಲನ್ನ 1-0ಯಿಂದ ಸೋಲಿಸಿದ್ರು. ಗೋಲು ಹೊಡದಾಂವ ಲಾರಿ ಸ್ಯಾಂಚೆಜ್. ಗೋಲಿ ಡೇವ್ ಬೆಸಂಟ್ ಪೆನಲ್ಟಿ ಹಿಡದಾ. ವೆಂಬ್ಲಿಯೊಳಗಿನ ಕಪ್ ಫೈನಲ್‌ನಾಗ ಪೆನಲ್ಟಿ ತಡದದ್ದು ಅದ ಮೊದಲನೇ ಸಲ. ಇದನ್ನ ಹೇಳೂ ಮುಂದ ಅಜ್ಜಿ ಚಹಾದ ಕಪ್ಪು ಕೆಳಗಿಟ್ಟು ಎರಡೂ ಕೈ ಚಾಚಿ ತೋರಿಸಿದ್ರು.

ಮುಂದಿನ ವರ್ಷನ, 1989ರಾಗ, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಾಗ ನೂಕುನುಗ್ಗಲಾಗಿ 97 ಮಂದಿ ಸತ್ತರು. ಆಮ್ಯಾಲ ಸರಕಾರದ ವಿಚಾರಣೆ ಆಗಿ, ಮ್ಯಾಲಿನ ಮೆಟ್ಟಲದ ಮೈದಾನದಾಗ ಎಲ್ಲಾರಿಗೂ ಕುರ್ಚಿ ಇರಬೇಕು, ಮಂದಿ ನಿಂತು ನೋಡಬಾರದು ಅಂತ ಆತು. ಪ್ಲೋ ಲೇನ್ ಹಳೇ ಅಂಗಳ, ಅದನ್ನ ತಿದ್ದಲಿಕ್ಕೆ ಆಗೂದಿಲ್ಲ ಅಂತ ಮಾಲಕರು 1991ರಾಗ ಕ್ಲಬ್ಬನ್ನ ಇನ್ನೊಂದು ಕ್ಲಬ್ಬಿನ ಮೈದಾನಕ್ಕ ಒಯ್ದ್ರು. ಕೆಲವು ದಿನಕ್ಕಂತ ಹೋದದ್ದು ಹತ್ತು ವರ್ಷ ದಾಟಿತು. ಹಳೇ ಅಂಗಳ ಸೂಪರ್‌ಮಾರ್ಕೆಟ್‌ನವರಿಗೆ ಮಾರಾಟ ಆತು. 2000ರಾಗ ತಂಡ ತುದಿಯಿಂದ ಕೆಳಗ ಇಳೀತು. ಆಗ ಮಾಲಕರು, ನಾವು ಕ್ಲಬ್ಬನ್ನ ಮಿಲ್ಟನ್ ಕೀನ್ಸ್ ಅನ್ನೂ ಊರಿಗೆ ಒಯ್ಯತೇವಿ ಅಂದ್ರು. ಅದು ಸುಮಾರು 90 ಕಿಲೋಮೀಟರ್ ದೂರ. ನಮ್ಮ ಧಾರವಾಡದ ಕ್ಲಬ್ಬು ಬೆಳಗಾವಿ ದಾಟಿ ಹೋದಂಗ.

ಮಂದಿ ಮೋರ್ಚಾ ಮಾಡಿದ್ರು, ಪತ್ರ ಬರದ್ರು. ಫುಟ್‌ಬಾಲ್ ಅಸೋಸಿಯೇಷನ್ ಮೂರು ಜನರ ಸಮಿತಿ ಮಾಡಿತು. 2002ರ ಮೇ 28ಕ್ಕ ಆ ಸಮಿತಿ ಎರಡು-ಒಂದರ ಬಹುಮತದಿಂದ ಹೋಗಬಹುದು ಅಂತ ಹೇಳಿಬಿಡ್ತು.

ಈ ಅಸೋಸಿಯೇಷನ್ ಬಗ್ಗೆ ಹೆಣಮಕ್ಕಳು ನಾವು ಒಂದು ಮಾತು ತಿಳಕೊಂಡಿರಬೇಕು. ಮೊದಲನೇ ಮಹಾಯುದ್ಧದ ಹೊತ್ತಿನಾಗ ಪ್ರೆಸ್ಟನ್ ಊರಿನ ಕಾರಖಾನಿ ಹೆಣಮಕ್ಕಳು ಡಿಕ್, ಕೆರ್ ಲೇಡೀಸ್ ಅಂತ ತಂಡ ಕಟ್ಟಿದ್ರು. 1920ರ ಕ್ರಿಸ್‌ಮಸ್ ಮರುದಿವಸ ಲಿವರ್‌ಪೂಲಿನಾಗ ಅವರ ಆಟ ನೋಡಲಿಕ್ಕೆ 53,000 ಮಂದಿ ಬಂದಿದ್ರು. ಮರು ವರ್ಷ ಡಿಸೆಂಬರಿನಾಗ ಇದ ಅಸೋಸಿಯೇಷನ್, ಈ ಆಟ ಹೆಣಮಕ್ಕಳಿಗೆ ತಕ್ಕದ್ದಲ್ಲಾಂತ ಹೇಳಿ ತನ್ನ ಕೈಕೆಳಗಿನ ಮೈದಾನಗಳ ಬಾಗಲಾ ಅವರಿಗೆ ಮುಚ್ಚಿತು. ಆ ಕಟ್ಟಳಿ ತಗೀಲಿಕ್ಕೆ ಐವತ್ತು ವರ್ಷ ಹಿಡೀತು. ಅಷ್ಟೂ ವರ್ಷ ಹೆಣಮಕ್ಕಳು ಸಿಕ್ಕ ಬಯಲಿನಾಗ ಆಡಿದ್ರು, ಆಟ ಬಿಡಲಿಲ್ಲ.

ವಿಂಬಲ್ಡನ್ ಮಂದಿನೂ ಬಿಡಲಿಲ್ಲ. ತೀರ್ಪು ಬಂದ ಎರಡ ದಿವಸಕ್ಕ ಸಭಾ ಕೂಡಿಸಿ, ನಮ್ಮ ಕ್ಲಬ್ಬು ನಾವ ಕಟ್ಟೋಣ ಅಂದ್ರು. ಕೈಯಾಗ ಆಟಗಾರರಿಲ್ಲ, ಮೈದಾನ ಇಲ್ಲ, ಅಂಗಿ ಇಲ್ಲ. ಜೂನ್ ತಿಂಗಳ ಕಡೀಗೆ ವಿಂಬಲ್ಡನ್ ಕಾಮನ್ ಅನ್ನೂ ಊರ ಬಯಲಿನಾಗ, ಆಡಲಿಕ್ಕೆ ಬರೂವರೆಲ್ಲಾ ಬರ್ರಿ ಅಂತ ಕರದ್ರು. 230 ಹುಡುಗರು ಬಂದ್ರು. ಅದರಾಗ ಆರಿಸಿ ತಂಡ ಮಾಡಿದ್ರು. ಜುಲೈ 10ಕ್ಕ ಸಟನ್ ಊರಿನಾಗ ಮೊದಲನೇ ಸ್ನೇಹದ ಆಟ. 4-0ಯಿಂದ ಸೋತರು. ನೋಡಲಿಕ್ಕೆ ಬಂದವರು ನಾಕೂವರಿ ಸಾವಿರಕ್ಕಿಂತ ಹೆಚ್ಚು. ಸೋತ ಮ್ಯಾಲೂ ಮಂದಿ ಅಳಕೋತ ನಕ್ಕೋತ ಹಾಡಕೋತ ನಿಂತಿದ್ರಂತ. ಅಜ್ಜಿ ಅಲ್ಲೇ ಇದ್ದರು, ಗಂಡನ ಜೋಡಿ. ಆ ಗಂಡ ಈಗಿಲ್ಲ.

ಏಣಿಯ ಬುಡದ ಹತ್ರ ಇರೂ ಕಂಬೈನ್ಡ್ ಕೌಂಟೀಸ್ ಲೀಗಿನಾಗ ಅವರಿಗೆ ಜಾಗಾ ಸಿಕ್ಕಿತು. ಕಿಂಗ್ಸ್‌ಮೆಡೋ ಅನ್ನೂ ಮೈದಾನದಾಗ ಆಟ. ಆ ಲೀಗಿನಾಗ ನೂರಿನ್ನೂರು ಮಂದಿ ಬಂದ್ರ ದೊಡ್ಡದು. ಇವರಿಗೆ ಮೊದಲನೇ ವರ್ಷನ ಸರಾಸರಿ 3,000 ಮಂದಿ. ಎರಡನೇ ವರ್ಷ 46 ಆಟದಾಗ 42 ಗೆದ್ದು 4 ಸಮ ಮಾಡಿದ್ರು, ಒಂದೂ ಸೋಲಲಿಲ್ಲ. 2003ರ ಫೆಬ್ರುವರಿಯಿಂದ 2004ರ ಡಿಸೆಂಬರ್ ತನಕ ಲೀಗಿನಾಗ ಸಾಲಾಗಿ 78 ಆಟ ಸೋಲದ ಇದ್ದದ್ದು ಇಂಗ್ಲಂಡಿನಾಗ ದಾಖಲೆ. 2011ಕ್ಕ, ಒಂಬತ್ತು ವರ್ಷದಾಗ ಐದು ಸಲ ಮೆಟ್ಟಲ ಹತ್ತಿ, ಲ್ಯೂಟನ್ ತಂಡವನ್ನ ಪೆನಲ್ಟಿಯೊಳಗ ಸೋಲಿಸಿ ನಾಕನೇ ಮೆಟ್ಟಲಕ್ಕ ಬಂದ್ರು. ಅವರ ಅಪ್ಪ-ಅಜ್ಜಂದಿರು 1977ರಾಗ ನಿಂತಿದ್ದ ಮೆಟ್ಟಲ ಅದು.

ಕ್ಲಬ್ಬು ಯಾರ ಹೆಸರಿಲೆ ಅದ? ಅಭಿಮಾನಿಗಳದ ಒಂದು ಟ್ರಸ್ಟ್ ಅದ, ಡಾನ್ಸ್ ಟ್ರಸ್ಟ್ ಅಂತ. ಕ್ಲಬ್ಬಿನ ಹಿಡಿತ ಅದರ ಕೈಯಾಗ ಅದ. ವರ್ಷಾ ವಂತಿಗಿ ಕೊಟ್ಟವರೆಲ್ಲಾ ಸದಸ್ಯರು, ಒಬ್ಬರಿಗೆ ಒಂದ ಮತ. ಶ್ರೀಮಂತರಿಗೂ ಒಂದು, ನಮ್ಮ ಪಕ್ಕದ ಮನಿ ಅಜ್ಜಿಗೂ ಒಂದು. ಹಿಂದಕ ಕ್ಲಬ್ಬು ಕೈ ತಪ್ಪಿ ಹೋಗಿದ್ದು ಕಾಗದಪತ್ರದಾಗ ಇವರ ಹೆಸರಿರಲಿಲ್ಲ ಅಂತನ. ಇದನ್ನ ಕೇಳಿದಾಗ ನಾನು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಸುಮ್ಮನ ಕೂತೆ. ನಮ್ಮ ತವರಮನಿ ಮಾರಿದಾಗ ನಾವು ನಾಕೂ ಮಂದಿ ಅಕ್ಕ-ತಂಗಿಯರನ್ನ ಯಾರೂ ಕೇಳಲಿಲ್ಲ. ಸಾರಿಸಿದ ನೆಲ, ರಂಗೋಲಿ ಹಾಕಿದ ಅಂಗಳ, ಅವ್ವ ನಲವತ್ತು ವರ್ಷ ಒಲಿ ಹಚ್ಚಿದ ಅಡಗಿಮನಿ, ಯಾವುದರ ಉತಾರದಾಗೂ ನಮ್ಮ ಹೆಸರಿರಲಿಲ್ಲ. ಆಮ್ಯಾಲ ನಾವು ಏನು ಮಾಡಿದಿವಿ ಅನ್ನೂದು ನಿಮಗೆಲ್ಲಾ ಗೊತ್ತದ. ಅವ್ವನ ಗೌರಿ ಹಬ್ಬಾ ವರ್ಷಕ್ಕೊಬ್ಬರ ಮನಿಯೊಳಗ ಮಾಡಕೋತ ಬಂದೇವಿ. ಮಗಳು ಇದನ್ನ ಇಂಗ್ಲಿಷಿನಾಗ ಅಜ್ಜಿಗೆ ಹೇಳಿದಳು. ಅವರು ನನ್ನ ಕೈ ಹಿಡಕೊಂಡು ತಲಿ ಹಾಕಿದ್ರು, ಏನೂ ಅನ್ನಲಿಲ್ಲ.

ತವರಿನ ಬೆಳ್ಳಿ ಸಾಮಾನಿನ ಜಗಳಾ ಇದ್ದಂಗ ಅಲ್ಲೂ ಒಂದಿತ್ತು. ಮಿಲ್ಟನ್ ಕೀನ್ಸಿಗೆ ಹೋದ ಕ್ಲಬ್ಬು 2004ರಾಗ ಎಂ.ಕೆ. ಡಾನ್ಸ್ ಅಂತ ಹೆಸರು ಬದಲಿ ಮಾಡಿಕೊಂಡ್ತು. ಹಂಗಾದ್ರ 1988ರ ಗೆಲುವು ಯಾರದು? ಹಳೇ ಕಪ್ಪು, ಪದಕ, ನೆನಪಿನ ಸಾಮಾನು ಯಾರವು? ಮಾತುಕತಿ ಆಗಿ, 2007ರಾಗ ಅವರು ಅದನ್ನೆಲ್ಲಾ ವಿಂಬಲ್ಡನ್ ಇರೂ ಮರ್ಟನ್ ನಗರಸಭಾಕ್ಕ ಒಪ್ಪಿಸಿದ್ರು, ಆ ಇತಿಹಾಸ ನಮ್ಮದಲ್ಲ ಅಂತ ಬಿಟ್ಟುಕೊಟ್ರು. ಹಿಂಗ ಶಾಂತರೀತಿಯಿಂದ ಸಾಮಾನು ಮರಳಿ ಬರೂದು ಮನಿಯೊಳಗೂ ಅಪರೂಪ.

ಇನ್ನ ಉಳದದ್ದು ಅಂಗಳ. 2016ರಾಗ ಮೂರನೇ ಮೆಟ್ಟಲಕ್ಕ ಹತ್ತಿದ ಮ್ಯಾಲ ಸ್ವಂತ ಮೈದಾನದ ಆಶಾ ಗಟ್ಟಿ ಆತು. ಕಿಂಗ್ಸ್‌ಮೆಡೋವನ್ನ ಚೆಲ್ಸಿ ಕ್ಲಬ್ಬಿಗೆ ಮಾರಿದ್ರು. 2017ರಿಂದ ಅಲ್ಲೆ ಚೆಲ್ಸಿಯ ಹೆಣಮಕ್ಕಳ ತಂಡ ಆಡಲಿಕ್ಕೆ ಹತ್ತಿತು. ಹಳೇ ಅಂಗಳದಾಗ ಅಪಾರ್ಟ್‌ಮೆಂಟ್ ಎದ್ದಿದ್ದವು, ಅದರ ಕೂಗಳತಿಯೊಳಗ ನಾಯಿ ರೇಸಿನ ಮೈದಾನ ಇದ್ದ ಜಾಗಾ ಸಿಕ್ಕಿತು. ಕಟ್ಟೂ ಮುಂದ ರೊಕ್ಕ ಸಾಲಲಿಲ್ಲ. ಹೊರಗಿನ ಶ್ರೀಮಂತರಿಗೆ ಪಾಲು ಕೊಡೋಣೇನು ಅನ್ನೂ ಮಾತು ಬಂದಾಗ ಅಭಿಮಾನಿಗಳು ಬ್ಯಾಡಂದು, 2020ರಾಗ ತಮ್ಮ ಉಳಿತಾಯದ ರೊಕ್ಕಾನ ಕ್ಲಬ್ಬಿಗೆ ಸಾಲಾ ಕೊಟ್ರು. ನಾವು ಭಿಶಿ ಹಾಕಿದಂಗ, ಸಣ್ಣಸಣ್ಣ ಮೊತ್ತ ಕೂಡಿ 50 ಲಕ್ಷ ಪೌಂಡ್ ದಾಟಿತು. 2020ರ ನವೆಂಬರ್ 3ಕ್ಕ ಹೊಸ ಪ್ಲೋ ಲೇನಿನಾಗ ಮೊದಲನೇ ಆಟ, ಡಾಂಕಾಸ್ಟರ್ ಜೋಡಿ 2-2. ಇಪ್ಪತ್ತೊಂಬತ್ತು ವರ್ಷಕ್ಕ ತಂಡ ಮನಿಗೆ ಬಂತು, ಆದ್ರ ಕೊರೊನಾ ಅಂತ ಒಬ್ಬ ಅಭಿಮಾನಿನೂ ಒಳಗ ಹೋಗಲಿಲ್ಲ. ಅದ ವರ್ಷ ಇದ ಮಂದಿ ಸೂಪರ್‌ಮಾರ್ಕೆಟ್ ಮುಂದ ನಿಂತು ದಿನಸಿ ಕೂಡಿಸಿ ಇಲ್ಲದವರ ಮನಿಗೆ ಮುಟ್ಟಸಲಿಕ್ಕೆ ಹತ್ತಿದ್ರು. ಸುಮ್ಮನ ಕೂಡ್ರೂದು ಆ ಮಂದಿಗೆ ಬರೂದ ಇಲ್ಲ.

ಹೊಸ ಮನಿಗೆ ಬಂದದ್ದಕ್ಕ ಕಷ್ಟ ಮುಗೀಲಿಲ್ಲ. 2022ರಾಗ ಮತ್ತ ನಾಕನೇ ಮೆಟ್ಟಲಕ್ಕ ಇಳದ್ರು. 2024ರ ಸೆಪ್ಟೆಂಬರಿನಾಗ ಜೋರು ಮಳಿ ಬಂದು ಪಕ್ಕದ ವಾಂಡಲ್ ಹೊಳಿ ಉಕ್ಕಿ ಮೈದಾನ ಮುಳುಗಿತು. ನೆಲ ಕುಸದು ದೊಡ್ಡ ಗುಂಡಿ ಬಿದ್ದಿತ್ತು. ನ್ಯೂಕಾಸಲ್‌ನಂಥಾ ದೊಡ್ಡ ತಂಡ ಇವರ ಅಂಗಳಕ್ಕ ಬರೂದಿತ್ತು, ಆ ಆಟ ಅವರ ಊರಿಗೇ ಹೋತು. ಮತ್ತ ಮಂದಿ ರೊಕ್ಕ ಕೂಡಿಸಿದ್ರು, ನೆಲ ರಿಪೇರಿ ಆತು.

ನಾನು ನೋಡಿದ್ದು ಆ ವರ್ಷದ ಕಡೇ ಅರ್ಧ. ಚಳಿ ಕಮ್ಮಿ ಆದ ಮ್ಯಾಲ ಒಂದು ಶನಿವಾರ ಅಜ್ಜಿ ನನ್ನ ಕರಕೊಂಡು ಹೋದ್ರು. ಒಂಬತ್ತು ಸಾವಿರ ಮಂದಿ ಹಿಡಸೂ ಮೈದಾನ, ಅಂಥಾ ದೊಡ್ಡದೇನಲ್ಲ. ಆಟ ನನಗ ಅರ್ಧಮರ್ಧ ತಿಳೀತು. ಬಾಗಲಾದಾಗ ನಿಂತವರು, ಪುಸ್ತಕ ಮಾರೂವರು, ಎಲ್ಲಾರೂ ಅಜ್ಜಿಗೆ ಹೆಸರು ಹಿಡದು ಮಾತಾಡಿಸಿದ್ದು ಮಾತ್ರ ಪೂರಾ ತಿಳೀತು. ಗಂಡ ಹೋದ ಮ್ಯಾಲ ಶನಿವಾರ ಅವರನ್ನ ಎಬ್ಬಿಸಿ ಹೊರಗ ಕರಕೊಂಡು ಬರೂದು ಈ ಆಟ. ಗೆದ್ದರ ಖುಷಿ, ಸೋತರ ಬ್ಯಾಸರ, ಮುಂದಿನ ಶನಿವಾರ ಮತ್ತ ಹಾಜರ್.

ಆ ಸಲ ತಂಡ ಐದನೇ ಜಾಗಾಕ್ಕ ನಿಂತು, ಮೇ 26ಕ್ಕ ವೆಂಬ್ಲಿಯೊಳಗ ವಾಲ್ಸಾಲ್ ತಂಡವನ್ನ 1-0ಯಿಂದ ಸೋಲಿಸಿ ಮೂರನೇ ಮೆಟ್ಟಲಕ್ಕ ಹತ್ತಿತು. ಗೋಲು ಮೈಲ್ಸ್ ಹಿಪ್ಪೊಲೈಟ್‌ಂದು. ಅಜ್ಜಿ ವೆಂಬ್ಲಿಗೆ ಹೋಗಿದ್ರು, ನಾನು ಕೂಸಿಗೆ ಎಣ್ಣಿ ಹಚ್ಚಕೋತ ಮನಿಯೊಳಗಿದ್ದೆ. ಮರುದಿವಸ ದನಿ ಪೂರಾ ಕೂತಿತ್ತು ಅವರದು. ತಾವ ಹೆಣದ ನೀಲಿ-ಹಳದಿ ಕಾಲಚೀಲಾ ತಂದು ಕೂಸಿನ ಕಾಲಿಗೆ ಹಾಕಿದ್ರು.

ಅಲ್ಲೆ ಮೂರು ಗಂಟೆ ಅಂದ್ರ ನಮಗ ಬ್ಯಾಸಗಿಯೊಳಗ ಸಂಜಿ ಏಳೂವರಿ, ಚಳಿಗಾಲದಾಗ ಎಂಟೂವರಿ. ನಾ ರೊಟ್ಟಿ ಬಡಿಯೂ ಹೊತ್ತು. ಆಟ ಮುಗದ ಮ್ಯಾಲ ಮಗಳು ಫೋನಿಗೆ ಸ್ಕೋರ್ ಹಾಕತಾಳ, ಹಂಚಿನ ಮ್ಯಾಲ ರೊಟ್ಟಿ ಇದ್ರೂ ಒಮ್ಮೆ ನೋಡೇ ನೋಡತೇನಿ. ನಿಮ್ಮೊಳಗ ಯಾರರ ಆ ಕಡೆ ಬಾಣಂತನಕ್ಕ ಹೊಂಟಿದ್ರ, ಟೆನಿಸ್ ಮೈದಾನ ನೋಡಿ ಬರ್ರಿ, ಅದೂ ಛಂದ ಅದ. ಆದ್ರ ಒಂದು ಶನಿವಾರ ಇಟ್ಟುಕೊಂಡು ಪ್ಲೋ ಲೇನಿಗೂ ಹೋಗ್ರಿ. ಬೆಚ್ಚನ ಸ್ವೆಟರ್ ಮರೀಬ್ಯಾಡ್ರಿ, ಗಾಳಿ ಭಾಳ ಬೀಸತದ.